ಪದವಿಯೋ, ಕಸುಬಿನ ಕಲಿಕೆಯೋ? ಶಿಶಿಕ್ಷು ತರಬೇತಿಯ ಲೆಕ್ಕಾಚಾರ

ಎಸ್.ಎಸ್.ಎಲ್.ಸಿ. ಮತ್ತು ಪಿ.ಯು.ಸಿ. ಫಲಿತಾಂಶಗಳು ಪ್ರಕಟವಾದೊಡನೆ ವರ್ತಕರ ಹಾಗೂ ಸಣ್ಣ ಕೈಗಾರಿಕೋದ್ಯಮಿಗಳ ಮನೆಗಳಲ್ಲಿ ಪ್ರತಿವರ್ಷವೂ ಒಂದೇ ಪ್ರಶ್ನೆ ಏಳುತ್ತದೆ: ಮಕ್ಕಳನ್ನು ಯಾವ ಕಾಲೇಜಿಗೆ ಸೇರಿಸಬೇಕು? ಕಾಲೇಜಿಗೇ ಸೇರಿಸಬೇಕೆ ಎಂಬ ಪ್ರಶ್ನೆ ಬಹುಮಟ್ಟಿಗೆ ಏಳುವುದೇ ಇಲ್ಲ. ಅದೇ ಗೃಹಸ್ಥನು ಮರುದಿನ ಕಾರ್ಖಾನೆಗೆ ಬಂದು, ನುರಿತ ಟರ್ನರ್ ಸಿಗುತ್ತಿಲ್ಲ, ಡ್ರಾಯಿಂಗ್ ಓದಬಲ್ಲ ಫಿಟ್ಟರ್ ಸಿಗುತ್ತಿಲ್ಲ ಎಂದು ಚಿಂತಿಸುತ್ತಾನೆ. ತಂದೆಯಾಗಿ ಆತ ಕೈಗೊಳ್ಳುವ ತೀರ್ಮಾನಕ್ಕೂ ಮಾಲೀಕನಾಗಿ ಆತ ಅನುಭವಿಸುವ ಕೊರತೆಗೂ ನಂಟಿದೆ. ಆದುದರಿಂದ ವಿಷಯವನ್ನು ಎರಡೂ ಕಡೆಯಿಂದ ಪರಿಶೀಲಿಸುವುದು ಉಚಿತ.

ಕೆಲಸ ಮಾಡುತ್ತಲೇ ವಿದ್ಯೆ ಕಲಿಯುವ ಪದ್ಧತಿಗೆ ಲೆಕ್ಕಪರಿಶೋಧಕರ ವೃತ್ತಿಯೇ ಉತ್ತಮ ನಿದರ್ಶನ. ಹನ್ನೆರಡನೆಯ ತರಗತಿ ಮುಗಿಸಿದವರು ಫೌಂಡೇಶನ್ ಮತ್ತು ಇಂಟರ್‌ಮೀಡಿಯೇಟ್ ಪರೀಕ್ಷೆಗಳನ್ನು ದಾಟಿ, ಹಿರಿಯ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಆರ್ಟಿಕಲ್‌ಶಿಪ್ ಪೂರೈಸಿ, ಅಂತಿಮ ಪರೀಕ್ಷೆ ಬರೆಯುತ್ತಾರೆ. ವಿಶ್ವವಿದ್ಯಾಲಯದ ಪದವಿ ಇಲ್ಲಿ ಕಡ್ಡಾಯವಲ್ಲ. ಮೊದಲು ಮೂರು ವರ್ಷಗಳಿದ್ದ ಈ ತರಬೇತಿಯ ಅವಧಿಯನ್ನು 2023ರ ಜುಲೈನಿಂದ ಜಾರಿಗೆ ಬಂದ ಹೊಸ ಯೋಜನೆಯಲ್ಲಿ ಎರಡು ವರ್ಷಗಳಿಗೆ ಇಳಿಸಲಾಗಿದೆ. ಇದನ್ನು ಯಾರೂ ಕೀಳೆಂದು ಭಾವಿಸುವುದಿಲ್ಲ. ಲೇತ್ ಯಂತ್ರದ ಮುಂದೆ ನಿಂತು ಕಲಿಯುವಾಗ ಮಾತ್ರ ಅದೇ ಪದ್ಧತಿ ಸಮಾಜದ ಕಣ್ಣಿಗೆ ಕೀಳಾಗಿ ಕಾಣುತ್ತದೆ!

ಕಾಯ್ದೆಯ ಚೌಕಟ್ಟು

ನಮ್ಮ ದೇಶದಲ್ಲಿ ಈ ತರಬೇತಿಯನ್ನು ನಿಯಂತ್ರಿಸುವುದು 1961ರ ಅಪ್ರೆಂಟಿಸ್ ಕಾಯ್ದೆ. ಪದವೀಧರರನ್ನೂ ಡಿಪ್ಲೊಮಾ ಪಡೆದವರನ್ನೂ 1973ರ ತಿದ್ದುಪಡಿಯಿಂದ ಇದರ ವ್ಯಾಪ್ತಿಗೆ ತರಲಾಯಿತು. 2014ರ ತಿದ್ದುಪಡಿ ಮಾಲೀಕರಿಗಿದ್ದ ಸೆರೆವಾಸದ ಭಯವನ್ನು ತೆಗೆದುಹಾಕಿ, ಐಚ್ಛಿಕ ಕಸುಬುಗಳಿಗೂ ಅವಕಾಶ ನೀಡಿತು. ಇದರಿಂದಾಗಿ ಅಂಗಡಿ, ಗೋದಾಮು, ಲೆಕ್ಕಪತ್ರ ವಿಭಾಗಗಳಲ್ಲಿಯೂ ಶಿಶಿಕ್ಷುಗಳನ್ನು ತೆಗೆದುಕೊಳ್ಳುವ ದಾರಿ ಸುಗಮವಾಯಿತು. ಕಾಯ್ದೆ ಕಾರ್ಖಾನೆಗಳಿಗೆ ಮಾತ್ರ ಸಂಬಂಧಿಸಿದ್ದೆಂದು ಇಂದಿಗೂ ತಿಳಿದಿರುವ ವರ್ತಕರು ಇದನ್ನು ಗಮನಿಸಬೇಕು.

2019ರಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ, ಗುತ್ತಿಗೆ ನೌಕರರನ್ನೂ ಸೇರಿಸಿ 30 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗಳು ಒಟ್ಟು ಸಂಖ್ಯೆಯ ಶೇ. 2.5ರಿಂದ ಶೇ. 15ರಷ್ಟು ಶಿಶಿಕ್ಷುಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. 4ರಿಂದ 29 ಜನರಿದ್ದರೆ ಅದು ಐಚ್ಛಿಕ. ಅಂದರೆ 40 ಜನರಿರುವ ಘಟಕದಲ್ಲಿ ಒಬ್ಬರು ಇರಲೇಬೇಕು. ಆರು ಜನರವರೆಗೆ ಇರಬಹುದು.

ಇದೇ ನಿಯಮಗಳು ಕನಿಷ್ಠ ಮಾಸಿಕ ಶಿಷ್ಯವೇತನವನ್ನು ಐದರಿಂದ ಒಂಬತ್ತನೆಯ ತರಗತಿ ಓದಿದವರಿಗೆ 5,000, ಹತ್ತನೆಯ ತರಗತಿಯವರಿಗೆ 6,000, ಐ.ಟಿ.ಐ. ಪ್ರಮಾಣಪತ್ರವುಳ್ಳವರಿಗೆ 7,000, ಡಿಪ್ಲೊಮಾದವರಿಗೆ 8,000 ಹಾಗೂ ಪದವೀಧರರಿಗೆ 9,000 ರೂಪಾಯಿ ಎಂದು ನಿಗದಿಪಡಿಸಿದವು. ಇದನ್ನು ಶೇ. 36ರಷ್ಟು ಏರಿಸಲು ಕೇಂದ್ರ ಶಿಶಿಕ್ಷು ಪರಿಷತ್ತು 2025ರ ಮೇ ತಿಂಗಳಿನಲ್ಲಿ ಶಿಫಾರಸು ಮಾಡಿದೆ. ಆದುದರಿಂದ ಕರಾರು ಮಾಡಿಕೊಳ್ಳುವ ದಿನದ ಚಾಲ್ತಿ ದರವನ್ನು ನೋಡಿಯೇ ಮುಂದುವರಿಯತಕ್ಕದ್ದು.

ಮಾಲೀಕನ ಲೆಕ್ಕ

2016ರಲ್ಲಿ ಆರಂಭವಾದ ರಾಷ್ಟ್ರೀಯ ಶಿಶಿಕ್ಷು ಉತ್ತೇಜನ ಯೋಜನೆಯಲ್ಲಿ ಕೇಂದ್ರ ಸರ್ಕಾರವು ನಿಗದಿತ ಶಿಷ್ಯವೇತನದ ಶೇ. 25ರಷ್ಟನ್ನು, ಗರಿಷ್ಠ 1,500 ರೂಪಾಯಿಗಳಿಗೆ ಮಿತಿಗೊಳಿಸಿ, ಭರಿಸುವ ವ್ಯವಸ್ಥೆಯಾಯಿತು. 2019ರ ದರದಂತೆ ಐ.ಟಿ.ಐ. ಮುಗಿಸಿದ ಫಿಟ್ಟರ್ ಒಬ್ಬನನ್ನು ತೆಗೆದುಕೊಂಡರೆ, ಈ ನೆರವು ದೊರೆತಾಗ ಮಾಲೀಕನ ಪಾಲು ತಿಂಗಳಿಗೆ 5,500, ವರ್ಷಕ್ಕೆ 66,000 ರೂಪಾಯಿ. ಕಾಯ್ದೆಯಡಿ ನೋಂದಾಯಿತನಾದ ಶಿಶಿಕ್ಷು ನೌಕರನಲ್ಲ, ತರಬೇತಿದಾರ. ಆದ್ದರಿಂದ ಭವಿಷ್ಯನಿಧಿ ಮತ್ತು ಇ.ಎಸ್.ಐ. ವಂತಿಗೆಗಳು ಅನ್ವಯಿಸುವುದಿಲ್ಲ. ಆದರೆ ಕೆಲಸದ ವೇಳೆ ಗಾಯವಾದರೆ ಪರಿಹಾರ ನೀಡುವ ಹೊಣೆ ಮಾಲೀಕನದೇ. ಇ.ಎಸ್.ಐ. ರಕ್ಷಣೆ ಇಲ್ಲದಿರುವುದರಿಂದ ಪ್ರತ್ಯೇಕ ವಿಮೆ ಮಾಡಿಸುವುದು ಜಾಣತನ. ಉಳಿಸಿದ ವಂತಿಗೆಯನ್ನು ಲಾಭವೆಂದು ಎಣಿಸಿ ವಿಮೆಯನ್ನು ಮರೆಯುವವರೇ ಹೆಚ್ಚು.

ಲೆಕ್ಕಪುಸ್ತಕದಲ್ಲಿ ಕಾಣದ ಖರ್ಚೂ ಒಂದಿದೆ. ಕಲಿಸಲು ಹಿರಿಯ ಮೇಸ್ತ್ರಿಯ ಸಮಯ ಬೇಕು. ಮೊದಲ ತಿಂಗಳುಗಳಲ್ಲಿ ಕೆಡುವ ಮಾಲೂ ಇದೆ. ಇದನ್ನು ತಪ್ಪಿಸಲು ಕೆಲವೆಡೆ ಶಿಶಿಕ್ಷುವನ್ನು ಒಂದೇ ಡ್ರಿಲ್ಲಿಂಗ್ ಯಂತ್ರದ ಮುಂದೆ ವರ್ಷವಿಡೀ ನಿಲ್ಲಿಸುವುದುಂಟು. ಅದು ತರಬೇತಿಯಲ್ಲ, ಅಗ್ಗದ ಕೂಲಿ. ಅಂತಹ ಹುಡುಗ ಅಖಿಲ ಭಾರತ ಕಸುಬು ಪರೀಕ್ಷೆಯಲ್ಲಿ ತೇರ್ಗಡೆಯಾಗುವುದು ಕಷ್ಟ. ಮಾಲೀಕನಿಗೂ ನುರಿತ ಕೆಲಸಗಾರ ದೊರೆಯುವುದಿಲ್ಲ. ಪೋಷಕರಿಗೆ ಈ ದಾರಿಯ ಮೇಲಿರುವ ಅಪನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತದೆ.

ಪೋಷಕರ ಲೆಕ್ಕ

ಪದವಿಯ ಶುಲ್ಕ, ವಸತಿ, ಪುಸ್ತಕಗಳಿಗೆ ವರ್ಷಕ್ಕೆ 60,000 ರೂಪಾಯಿ ಎಂದಿಟ್ಟುಕೊಂಡರೆ ಮೂರು ವರ್ಷಕ್ಕೆ 1,80,000 ಆಗುತ್ತದೆ. ಹತ್ತನೆಯ ತರಗತಿಯ ನಂತರ ಎರಡು ವರ್ಷ ಐ.ಟಿ.ಐ. ಫಿಟ್ಟರ್ ತರಬೇತಿ, ಬಳಿಕ ಒಂದು ವರ್ಷ ಶಿಶಿಕ್ಷುವಾಗಿ ಕಲಿತವನು ಆ ಒಂದೇ ವರ್ಷದಲ್ಲಿ ಕನಿಷ್ಠ 84,000 ರೂಪಾಯಿ ಪಡೆಯುತ್ತಾನೆ ಮತ್ತು ಸುಮಾರು 19ನೆಯ ವಯಸ್ಸಿಗೆ ರಾಷ್ಟ್ರೀಯ ಶಿಶಿಕ್ಷು ಪ್ರಮಾಣಪತ್ರಕ್ಕೆ ಅರ್ಹನಾಗುತ್ತಾನೆ.

ಆದರೆ ಲೆಕ್ಕ ಇಷ್ಟಕ್ಕೇ ಮುಗಿಯುವುದಿಲ್ಲ. ಬ್ಯಾಂಕ್ ಅಧಿಕಾರಿ ಹುದ್ದೆ, ಕೆ.ಎ.ಎಸ್. ಮುಂತಾದ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಪದವಿ ಬೇಕೇ ಬೇಕು. ಆ ಗುರಿ ಇರುವವರಿಗೆ ಈ ದಾರಿ ಹೊಂದದು. ಗುರಿಯಿಲ್ಲದೆ, ಬೇರೇನೂ ತೋಚದೆ ಪದವಿಗೆ ಸೇರುವವರ ವಿಷಯ ಬೇರೆ. ಕಸುಬು ಹಿಡಿದವರಿಗೆ ಓದಿನ ಬಾಗಿಲು ಮುಚ್ಚುತ್ತದೆ ಎಂಬ ಭಯವೂ ಪೂರ್ಣ ಸತ್ಯವಲ್ಲ. ನಮ್ಮ ರಾಜ್ಯದಲ್ಲಿ ಐ.ಟಿ.ಐ. ಮುಗಿಸಿದವರಿಗೆ ಡಿಪ್ಲೊಮಾದ ಎರಡನೆಯ ವರ್ಷಕ್ಕೂ, ಡಿಪ್ಲೊಮಾ ಪಡೆದವರಿಗೆ ಡಿ.ಸಿ.ಇ.ಟಿ. ಮೂಲಕ ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೂ ನೇರ ಪ್ರವೇಶವಿದೆ. ಬಿಡದಿಯ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆ 2007ರಿಂದ ಗ್ರಾಮೀಣ ವಿದ್ಯಾರ್ಥಿಗಳಿಗೆ ಹತ್ತನೆಯ ತರಗತಿಯ ನಂತರ ತರಬೇತಿ ನೀಡುತ್ತ ಬಂದಿದೆ. ಬೃಹತ್ ಕಂಪನಿ ಒಂಟಿಯಾಗಿ ಮಾಡಬಲ್ಲ ಈ ಕೆಲಸವನ್ನು ಹತ್ತು ಸಣ್ಣ ಘಟಕಗಳು ಕೂಡಿ ಮಾಡಬೇಕಾಗುತ್ತದೆ. ಜರ್ಮನಿಯಲ್ಲಿ ತರಬೇತಿ ಕರಾರುಗಳ ನೋಂದಣಿಯನ್ನೂ ಪರೀಕ್ಷೆಯನ್ನೂ ಅಲ್ಲಿನ ವಾಣಿಜ್ಯೋದ್ಯಮ ಸಂಸ್ಥೆಗಳೇ ನಡೆಸುತ್ತವೆ ಎಂಬುದು ನಮ್ಮ ಸದಸ್ಯರು ಯೋಚಿಸತಕ್ಕ ಸಂಗತಿ.

ಶಿಶಿಕ್ಷುವನ್ನು ತೆಗೆದುಕೊಳ್ಳಲು ನಿರ್ಧರಿಸಿದವರು ಲಿಖಿತ ಕರಾರು ಮಾಡಿಕೊಂಡು, ಏಳು ದಿನಗಳೊಳಗೆ ಅದರ ವಿವರಗಳನ್ನು ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಿಸಬೇಕು. ಅಭ್ಯರ್ಥಿಗೆ 14 ವರ್ಷ, ಅಪಾಯಕಾರಿ ಉದ್ದಿಮೆಗಳಲ್ಲಿ 18 ವರ್ಷ ತುಂಬಿರಬೇಕು. ಅಪ್ರಾಪ್ತನಾದರೆ ಪೋಷಕರ ಸಹಿ ಅಗತ್ಯ. ತರಬೇತಿಯ ನಂತರ ಕೆಲಸ ಕೊಡಲೇಬೇಕೆಂದು ಕಾಯ್ದೆ ಹೇಳುವುದಿಲ್ಲವಾದರೂ, ನೇಮಕಾತಿಯ ಬಗ್ಗೆ ಮಾಲೀಕನು ತನ್ನದೇ ಆದ ನೀತಿಯನ್ನು ರೂಪಿಸಿರಬೇಕು. ಅದನ್ನು ಕರಾರಿನ ದಿನವೇ ಪೋಷಕರಿಗೆ ತೋರಿಸಿಬಿಡುವುದು ಒಳ್ಳೆಯದು.