ಅಲ್ಲಾಡುವ ಹಲ್ಲಿಗೆ ಇಕ್ಕಳ ಹಾಕುವ ಮುನ್ನ

ನೋಡಮ್ಮ, ತಾಲ್ಲೂಕು ಆಸ್ಪತ್ರೆಯಲ್ಲಿ ‘ದವಡೆಯಲ್ಲಿ ಗೆಡ್ಡೆ ಬೆಳೆದಿದೆ’ ಅಂತ ಹೇಳಿಕೊಂಡು ಯಾರೂ ನಿನ್ನ ಮುಂದೆ ಕೂರೋದಿಲ್ಲ. ‘ಹಲ್ಲು ಅಲ್ಲಾಡ್ತಿದೆ, ಕಿತ್ತುಬಿಡಿ ಮೇಡಂ’ ಅಂತಾರೆ. ‘ಹಲ್ಲುಸೆಟ್ಟು ಕೂರ್ತಿಲ್ಲ’ ಅಂತಾರೆ. ಬಾವು ನಿನಗೆ ಬಾಗಿಲಲ್ಲೇ ಕಂಡಿರುತ್ತೆ, ಅವರು ಅದರ ಸುದ್ದಿ ಎತ್ತೋದಿಲ್ಲ. ಸೆರಗೋ ಟವಲ್ಲೋ ಆ ಕೆನ್ನೆ ಮೇಲಿರುತ್ತೆ.

ಅಮೆಲೊಬ್ಲಾಸ್ಟೋಮಾ ಅನ್ನೋ ಈ ದವಡೆ ಗೆಡ್ಡೆ ನೂರರಲ್ಲಿ ಸುಮಾರು 80 ಕೆಳದವಡೆಯಲ್ಲಿ, ಅದೂ ಹೆಚ್ಚಾಗಿ ಹಿಂದಿನ ಹಲ್ಲುಗಳ ಹತ್ತಿರ ಬರುತ್ತೆ ಅಂತ ನೀನು ಓದಿದ್ದೀಯ. ನೋವಿರೋದಿಲ್ಲ ಅಂತಲೂ ಓದಿದ್ದೀಯ. ಅದೇ ಅದರ ಕೇಡು. ನೋವಿದ್ದರೆ ಕೂಲಿ ಬಿಟ್ಟಾದರೂ ಬಸ್ಸು ಹತ್ತುತ್ತಾರೆ. ನೋಯದ ಬಾವಿಗೆ ಮೊದಲು ಕೆಮ್ಮಣ್ಣು, ಆಮೇಲೆ ಮೆಡಿಕಲ್ ಶಾಪಿನ ಮಾತ್ರೆ, ಆಮೇಲೆ ಹರಕೆ. ಕೊಯ್ಲು ಮುಗೀಲಿ, ಮಗಳ ಮದುವೆ ಮುಗೀಲಿ ಅನ್ನೋದರೊಳಗೆ ನಾಲ್ಕೈದು ವರ್ಷ ಹೋಗಿರುತ್ತೆ.

‘ಇಷ್ಟು ದಿನ ಏನ್ ಮಾಡ್ತಿದ್ರಿ?’ ಅಂತ ಮಾತ್ರ ಗದರಬೇಡ, ಎದ್ದು ಹೋಗಿಬಿಡ್ತಾರೆ. ಮೊದಲು ಯಾವಾಗ ಕಂಡಿದ್ದು, ಯಾರಿಗೆ ತೋರಿಸಿದ್ರಿ, ಯಾವ ಹಲ್ಲು ಕೀಳಿಸಿದ್ರಿ ಅಂತ ಕೇಳು. ಕೊನೆಯದನ್ನು ಮರೀಬೇಡ. ಯಾರೋ ಒಬ್ಬರು ಅಲ್ಲಿ ಹಲ್ಲು ಕಿತ್ತಿರ್ತಾರೆ. ಒಂದು ಸಲ ಆ ಯಾರೋ ನಾನೇ ಆಗಿದ್ದೆ. ಕೆಲಸಕ್ಕೆ ಸೇರಿದ ಹೊಸದು, ಗಟ್ಟಿಮುಟ್ಟಾದ ಹುಡುಗ. ಉಳಿದ ಹಲ್ಲೆಲ್ಲ ಕಲ್ಲಿನ ಹಾಗಿದ್ದು ಎರಡು ಮಾತ್ರ ಏಕೆ ಅಲ್ಲಾಡ್ತಿವೆ ಅಂತ ನನಗೆ ಅನ್ನಿಸಬೇಕಿತ್ತು. ಐದು ನಿಮಿಷದಲ್ಲಿ ಕಿತ್ತು ಕಳಿಸಿದೆ. ಒಂದೂವರೆ ವರ್ಷದ ಮೇಲೆ ಕೆನ್ನೆ ಉಬ್ಬಿಸಿಕೊಂಡು ಬಂದ. ಮೂಳೆ ಒತ್ತಿದರೆ ಮೊಟ್ಟೆಯ ಸಿಪ್ಪೆ ಹಾಗೆ ಬೆರಳಿಗೆ ಚಿಟಿಚಿಟಿ ಅಂತು. ಎಕ್ಸ್‌ರೇ ತುಂಬ ಸೋಪಿನ ಗುಳ್ಳೆ. ಅರ್ಧ ದವಡೆಯನ್ನೇ ತೆಗೆಯಬೇಕಾಯಿತು. ಅಂದಿನಿಂದ ಎಕ್ಸ್‌ರೇ ನೋಡದೆ ಅಲ್ಲಾಡುವ ಹಲ್ಲಿಗೆ ನಾನು ಇಕ್ಕಳ ಹಾಕಿಲ್ಲ.

ಬಯಾಪ್ಸಿ ರಿಪೋರ್ಟು ಬಂದ ದಿನ ಇನ್ನೂ ಹುಷಾರು. ‘ಕ್ಯಾನ್ಸರ್ ಅಲ್ಲ’ ಅನ್ನೋ ಮಾತು ಅವರ ಕಿವಿಗೆ ‘ಆಪರೇಷನ್ ಬೇಡ’ ಅಂತಲೇ ಬೀಳುತ್ತೆ. ಕೈಮುಗಿದು ಊರಿಗೆ ಹೋದವರು ಮತ್ತೆ ಬರೋದು ಅನ್ನ ನುಂಗಲಾರದೆ ಹೋದಾಗ. ಆಫ್ರಿಕಾದ ಬಂದರುಗಳಿಗೆ ಹೋಗುವ ಮರ್ಸಿ ಶಿಪ್ಸ್ ಆಸ್ಪತ್ರೆ ಹಡಗಿಗೆ ಬಂದವರ ಫೋಟೋ ನೋಡಿದ್ದೀಯಾ? ಮುಖವೇ ಕಾಣದಷ್ಟು ಬೆಳೆದ ಗೆಡ್ಡೆ, ಊಟಕ್ಕೂ ಉಸಿರಿಗೂ ಅಡ್ಡ. ಅವುಗಳಲ್ಲೂ ಎಷ್ಟೋ ಕ್ಯಾನ್ಸರ್ ಅಲ್ಲ.

ಅದಕ್ಕೇ ಒಂದೇ ಉಸಿರಿಗೆ ಹೇಳಿಬಿಡು: ‘ಕ್ಯಾನ್ಸರ್ ಅಲ್ಲ, ಆದರೆ ತಾನಾಗಿ ನಿಲ್ಲೋದೂ ಇಲ್ಲ.’ ಬರೀ ಕೆರೆದು ತೆಗೆದರೆ ಮರಳಿ ಬರುತ್ತೆ, ಸುತ್ತಲಿನ ಒಂದೆರಡು ಸೆಂಟಿಮೀಟರ್ ಒಳ್ಳೆ ಮೂಳೆಯೂ ಹೋಗಬೇಕು. ಅದನ್ನು ಬೆರಳಲ್ಲಿ ಅಳೆದು ತೋರಿಸು. ಈಗ ಇಷ್ಟು, ತಡವಾದರೆ ಇಷ್ಟು. ಕಾಲಿನ ಮೂಳೆ ತಂದು ದವಡೆ ಕಟ್ಟುತ್ತಾರೆ ಅಂತಲೂ ಹೇಳು, ಮುಖ ಕೆಡುತ್ತೆ ಅನ್ನೋ ಹೆದರಿಕೆ ದೊಡ್ಡದು.

ಚೀಟಿಯಲ್ಲಿ ಎರಡು ಫೋನ್ ನಂಬರ್ ಬರೆದುಕೋ, ಒಂದು ಅವರದು, ಇನ್ನೊಂದು ಊರಿನ ಅಂಗಡಿಯದು. ಮದುವೆ ಇದೆ ಅಂದರೆ ವಾದಿಸಬೇಡ. ತಾರೀಕು ಕೇಳಿಕೊಂಡು, ಅದರ ಮುಂದಿನ ಸೋಮವಾರಕ್ಕೆ ದೊಡ್ಡಾಸ್ಪತ್ರೆಗೆ ಬರೆದುಕೊಡು.