ಎಕ್ಸೆಲ್ ತಖ್ತೆಗಳಲ್ಲಿ ಹೆಸರುಗಳ ಗೊಂದಲ: ಪತ್ತೆ ಮತ್ತು ಪರಿಹಾರ

ಕಾನಹೊಸಹಳ್ಳಿ, ಕೂಡ್ಲಿಗಿ, ಕೊಟ್ಟೂರು ಭಾಗದ ವರ್ತಕರಲ್ಲಿ ಮಾರಾಟದ ತಖ್ತೆಗಳನ್ನು ಎಕ್ಸೆಲ್‌ನಲ್ಲಿ ಸಿದ್ಧಪಡಿಸುವವರುಂಟು. ತೆರಿಗೆಯ ದರವನ್ನು ಒಂದು ಕೋಶದಲ್ಲಿ ನಮೂದಿಸಿ, ಅದಕ್ಕೊಂದು ಹೆಸರನ್ನು ಕೊಟ್ಟು, ಸೂತ್ರಗಳಲ್ಲಿ ಆ ಹೆಸರನ್ನೇ ಬಳಸುವುದು ಉತ್ತಮ ಪದ್ಧತಿ. ದರ ಬದಲಾದಾಗ ಒಂದೇ ಕಡೆ ತಿದ್ದಿದರೆ ಸಾಕು. ಆದರೆ ಆ ಹೆಸರು ಮತ್ತೊಂದು ಕೋಶದ ವಿಳಾಸವೂ ಆಗಿದ್ದಲ್ಲಿ, ಯಾವ ಎಚ್ಚರಿಕೆಯೂ ಇಲ್ಲದೆ ತೆರಿಗೆ ಸೊನ್ನೆಯೆಂದು ಬರುವ ಸಂಭವವಿದೆ.

ಗೊಂದಲದ ಮೂಲ

ಎಕ್ಸೆಲ್ 2003ರ ಹಾಳೆಯಲ್ಲಿ 256 ಅಂಕಣಗಳಿದ್ದು, ಕೊನೆಯ ಅಂಕಣ ‘ಐವಿ’ ಆಗಿತ್ತು. ಕರ್ನಾಟಕದಲ್ಲಿ 2005ರ ಏಪ್ರಿಲ್ 1ರಿಂದ ಮೌಲ್ಯವರ್ಧಿತ ತೆರಿಗೆ ಜಾರಿಗೆ ಬಂದಾಗ ಶೇ. 4ರ ದರಕ್ಕೆ ‘ವಿಎಟಿ4’ ಎಂದು ಹೆಸರಿಡಲು ಅಡ್ಡಿಯಿರಲಿಲ್ಲ. ಎಕ್ಸೆಲ್ 2007ರಲ್ಲಿ ಅಂಕಣಗಳು 16,384ಕ್ಕೇರಿ, ಕೊನೆಯದು ‘ಎಕ್ಸ್‌ಎಫ್‌ಡಿ’ ಆಯಿತು. ಅಂದಿನಿಂದ ‘ವಿಎಟಿ4’, ‘ಸಿಎಸ್‌ಟಿ2’, ‘ಟಿಡಿಎಸ್10’, ‘ಜಿಎಸ್‌ಟಿ5’ ಇವೆಲ್ಲವೂ ಕೋಶಗಳ ವಿಳಾಸಗಳೇ ಆಗಿವೆ.

ಹೊಸ ಮಾದರಿಯ ಕಡತದಲ್ಲಿ ಇಂಥ ಹೆಸರನ್ನು ಎಕ್ಸೆಲ್ ಒಪ್ಪುವುದಿಲ್ಲ; ಹಳೆಯ ಎಕ್ಸ್‌ಎಲ್‌ಎಸ್ ಕಡತದಲ್ಲಿ ಒಪ್ಪುತ್ತದೆ. ಹಳೆಯ ಕಡತವನ್ನು ಹೊಸ ಮಾದರಿಗೆ ಪರಿವರ್ತಿಸಿದಾಗ ಹೆಸರಿನ ಮೊದಲಿಗೆ ಅಡಿಗೆರೆ ಸೇರಿ ‘_ಜಿಎಸ್‌ಟಿ5’ ಎಂದಾಗುತ್ತದೆ. ಕಡತದೊಳಗಿನ ಹಳೆಯ ಸೂತ್ರಗಳು ತಾವಾಗಿಯೇ ಬದಲಾಗುತ್ತವೆ. ಮ್ಯಾಕ್ರೋಗಳಲ್ಲಿಯೂ ‘ಇನ್‌ಡೈರೆಕ್ಟ್’ ಸೂತ್ರದ ಉದ್ಧರಣ ಚಿಹ್ನೆಗಳ ನಡುವೆಯೂ ಇರುವ ಹೆಸರುಗಳು ಹಾಗೆಯೇ ಉಳಿಯುತ್ತವೆ.

ಒಂದು ಉದಾಹರಣೆ

ಡಿ12ರಲ್ಲಿ ಶೇಂಗಾ ಎಣ್ಣೆಯ ಮಾರಾಟ ಮೌಲ್ಯ 1,00,000 ರೂ. ಇರಲಿ. ಶೇ. 5ರಂತೆ ತೆರಿಗೆ 5,000 ರೂ. ಪರಿವರ್ತನೆಯ ಅನಂತರ ಗುಮಾಸ್ತರು ರೂಢಿಯಂತೆ ‘=ಡಿ12*ಜಿಎಸ್‌ಟಿ5’ ಎಂದು ಬರೆದರೆ, ಎಕ್ಸೆಲ್ ಹಾಳೆಯ ಬಲಕ್ಕೆ ಬಹುದೂರದಲ್ಲಿರುವ ಖಾಲಿ ಕೋಶದಿಂದ ಗುಣಿಸಿ 0 ಎಂದು ತೋರಿಸುತ್ತದೆ. ದೋಷಸಂದೇಶ ಬರುವುದಿಲ್ಲ. ಸೂತ್ರವನ್ನು ಕೆಳಗಿನ ಸಾಲುಗಳಿಗೆ ನಕಲಿಸಿದರೆ ಅದು ‘ಜಿಎಸ್‌ಟಿ6’, ‘ಜಿಎಸ್‌ಟಿ7’ ಎಂದು ಮುಂದುವರಿಯುತ್ತದೆ. ಈ ದೋಷದ ಸ್ಪಷ್ಟ ಗುರುತು ಇದೇ. ನೂರಾರು ಸಾಲುಗಳ ನಡುವೆ ಇಂಥ ನಾಲ್ಕಾರು ಸಾಲುಗಳು ಕಣ್ಣಿಗೆ ಬೀಳದೆ, ಜಿಎಸ್‌ಟಿಆರ್-3ಬಿ ಮೂಲಕ ಕಡಿಮೆ ತೆರಿಗೆ ಪಾವತಿಯಾದಲ್ಲಿ, ಕಾಯಿದೆಯ 50ನೆಯ ಕಲಮಿನಂತೆ ವಾರ್ಷಿಕ ಶೇ. 18ರ ಬಡ್ಡಿಯ ಹೊರೆ ವರ್ತಕರ ಮೇಲೆ ಬೀಳುತ್ತದೆ.

ಪರಿಹಾರ ಕ್ರಮ

1. ಮೊದಲು ಕಡತದ ಪ್ರತಿಯೊಂದನ್ನು ಬೇರೆ ಕಡೆ ತೆಗೆದಿರಿಸಬೇಕು.

2. ಕಂಟ್ರೋಲ್ ಮತ್ತು ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿ ‘ನೇಮ್ ಮ್ಯಾನೇಜರ್’ ತೆರೆದು, ‘_ಜಿಎಸ್‌ಟಿ5’ ಎಂಬುದನ್ನು ‘ಟ್ಯಾಕ್ಸ್_5’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬದಲಿಸಬೇಕು. ನಡುವೆ ಅಡಿಗೆರೆಯಿರುವ ಹೆಸರು ಕೋಶದ ವಿಳಾಸವಾಗಲಾರದು. ಸರಿಯಿದ್ದ ಸೂತ್ರಗಳು ಹೊಸ ಹೆಸರನ್ನು ತಾವಾಗಿಯೇ ಪಡೆಯುತ್ತವೆ.

3. ಅನಂತರ ಕಂಟ್ರೋಲ್ ಮತ್ತು ಎಫ್ ಒತ್ತಿ, ಇಡೀ ವರ್ಕ್‌ಬುಕ್‌ನ ಸೂತ್ರಗಳಲ್ಲಿ ‘ಜಿಎಸ್‌ಟಿ’ ಎಂದು ಹುಡುಕಬೇಕು. ಶೀರ್ಷಿಕೆಗಳನ್ನೂ ಹಾಳೆಗಳ ಹೆಸರನ್ನೂ ಬಿಟ್ಟು, ‘ಜಿಎಸ್‌ಟಿ’ಯೊಡನೆ ಅಂಕಿಯಿರುವ ಸೂತ್ರಗಳೇ ತಪ್ಪಿನ ಸೂತ್ರಗಳು. ‘ಇನ್‌ಡೈರೆಕ್ಟ್’ ಸೂತ್ರಗಳೂ ಇಲ್ಲಿಯೇ ಸಿಗುತ್ತವೆ. ಮ್ಯಾಕ್ರೋಗಳನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕು.

4. ನೇಮ್ ಮ್ಯಾನೇಜರ್‌ನ ‘ಸ್ಕೋಪ್’ ಅಂಕಣವನ್ನು ಗಮನಿಸಬೇಕು. ದರವಿರುವ ಹಾಳೆಯನ್ನೇ ನಕಲಿಸಿ ಮುಂದಿನ ತಿಂಗಳ ಹಾಳೆ ಮಾಡಿದಾಗ, ಅದೇ ಹೆಸರು ಆ ಹಾಳೆಗೆ ಸೀಮಿತವಾಗಿ ಮತ್ತೊಮ್ಮೆ ಹುಟ್ಟುತ್ತದೆ. ಆ ಹಾಳೆಯಲ್ಲಿ ಅದಕ್ಕೇ ಪ್ರಾಧಾನ್ಯ. ಜಿಎಸ್‌ಟಿಯ ಅನೇಕ ದರಗಳು 2025ರ ಸೆಪ್ಟೆಂಬರ್ 22ರಂದು ಬದಲಾದಂತೆ ದರ ಬದಲಾದಾಗ, ಮೂಲ ಹಾಳೆಯನ್ನು ಮಾತ್ರ ತಿದ್ದಿದರೆ ನಕಲು ಹಾಳೆಯಲ್ಲಿ ಹಳೆಯ ದರವೇ ಉಳಿಯುತ್ತದೆ. ಆದುದರಿಂದ ದರಗಳಿಗೆ ಪ್ರತ್ಯೇಕ ಹಾಳೆಯಿರಲಿ; ಅದನ್ನು ನಕಲಿಸಬಾರದು.

ತಿದ್ದುಪಡಿಯ ಬಳಿಕ ದರವಾರು ಒಟ್ಟು ಮಾರಾಟವನ್ನು ಆಯಾ ದರದಿಂದ ಗುಣಿಸಿ, ತಖ್ತೆಯ ತೆರಿಗೆಯ ಮೊತ್ತದೊಡನೆ ತಾಳೆ ನೋಡಬೇಕು. ಪ್ರತಿ ತಿಂಗಳೂ ವಿವರಪಟ್ಟಿ ಸಲ್ಲಿಸುವ ಮುನ್ನ ಈ ತಾಳೆಯನ್ನು ತಪ್ಪದೆ ಮಾಡುವುದು ಒಳಿತು.