ಕಲಿತದ್ದು ಮರೆತುಹೋಗುವದೇಕೆ?

ನಮ್ಮ ಗ್ರಾಮಗಳಲ್ಲಿ ಒಂದು ಮಾತು ಪದೇ ಪದೇ ಕೇಳಬರುತ್ತದೆ. “ನಿನ್ನೆ ಮಗ್ಗಿಯನ್ನು ಸರಾಗವಾಗಿ ಒಪ್ಪಿಸಿದವನು ಇಂದು ಬಾಯಿ ಬಿಡಲಾರನು, ಇವನ ತಲೆಯಲ್ಲಿ ಏನೂ ನಿಲ್ಲದು, ದನ ಕಾಯಲಿಕ್ಕೆ ಹೋಗಲಿ” ಎಂದು ಹೆತ್ತವರು ಹುಡುಗನನ್ನು ಶಾಲೆಯಿಂದ ಬಿಡಿಸಿಬಿಡುವದುಂಟು. ಇಂಥ ತೀರ್ಪು ಕೊಡುವ ಮುಂಚೆ, ಮರೆವಿನ ವಿಷಯದಲ್ಲಿ ಮನಃಶಾಸ್ತ್ರಜ್ಞರು ಕಂಡುಕೊಂಡದ್ದನ್ನು ನಾವು ಸ್ವಲ್ಪ ವಿಚಾರಿಸುವದು ಒಳ್ಳೇದು.

ಜರ್ಮನಿ ದೇಶದ ಹೆರ್ಮನ್ ಎಬ್ಬಿಂಗ್‌ಹೌಸ್ ಎಂಬ ಪಂಡಿತನು ತನ್ನನ್ನೇ ಪರೀಕ್ಷೆಗೆ ಒಳಪಡಿಸಿಕೊಂಡನು. ಅರ್ಥವಿಲ್ಲದ ಅಕ್ಷರಗುಚ್ಛಗಳ ಪಟ್ಟಿಗಳನ್ನು ಬಾಯಿಪಾಠ ಮಾಡಿ, ಕೆಲವು ಕಾಲ ಬಿಟ್ಟು ಅವುಗಳನ್ನೇ ತಿರುಗಿ ಕಲಿತು, ಎರಡನೆಯ ಸಾರಿ ಎಷ್ಟು ಶ್ರಮ ಉಳಿಯಿತೆಂದು ಲೆಕ್ಕ ಹಾಕಿದನು. 1885ರಲ್ಲಿ ಅವನು ಪ್ರಕಟಿಸಿದ ಗ್ರಂಥದ ಪ್ರಕಾರ, ಸುಮಾರು 20 ನಿಮಿಷಗಳಾದ ಮೇಲೆ ಕಲಿತಾಗ ನೂರಕ್ಕೆ 58 ಪಾಲು ಶ್ರಮ ಉಳಿಯಿತು. ಒಂದು ದಿವಸದ ಮೇಲೆ 34 ಪಾಲು. 31 ದಿವಸಗಳ ಮೇಲೆ 21 ಪಾಲು. ನೋಡಿರಿ, ನಷ್ಟದ ಹೆಚ್ಚಿನ ಭಾಗವು ಮೊದಲನೆಯ ದಿವಸದಲ್ಲಿಯೇ ಆಗಿಹೋಯಿತು. ಪಂಡಿತನಿಗೇ ಹೀಗಾದ ಮೇಲೆ ನಮ್ಮ ಹುಡುಗನನ್ನು ಮೊದ್ದನೆಂದು ಹೊಡೆಯುವದು ಯಾವ ನ್ಯಾಯ? ಅರ್ಥವುಳ್ಳ ಪಾಠವು ಇಷ್ಟು ಬೇಗ ಹೋಗದೆಂಬದು ನಿಜವೇ. ಆದರೆ ಅರ್ಥ ತಿಳಿಸದೆ ಕಲಿಸಿದ ಮಗ್ಗಿಯು ಎಳೆಯ ಮಗುವಿಗೆ ಆ ಅಕ್ಷರಗುಚ್ಛಗಳಿಗಿಂತ ಬಹಳ ಮೇಲಲ್ಲ.

ಅದೇ ಪಂಡಿತನು ಇನ್ನೊಂದು ಸಂಗತಿಯನ್ನೂ ಕಂಡನು. ಒಂದೇ ದಿವಸದಲ್ಲಿ 68 ಸಾರಿ ಹೇಳಿಕೊಂಡದ್ದರಿಂದ ಆದ ಪ್ರಯೋಜನವು, ಮೂರು ದಿವಸಗಳಿಗೆ ಹಂಚಿದ 38 ಸಾರಿಯಿಂದಲೇ ಆಯಿತು. ಬೇಸಾಯಗಾರರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಿರುಮಳೆಯು ಹಳ್ಳಕ್ಕೆ ಹೋಗುತ್ತದೆ, ಹದಮಳೆಯು ಬೇರಿಗೆ ಇಳಿಯುತ್ತದೆ.

2006ರಲ್ಲಿ ಅಮೇರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬವರು ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಪಾಠವನ್ನು ಓದಲಿಕ್ಕೆ ಕೊಟ್ಟರು. ಬಳಿಕ ಕೆಲವರು ಅದನ್ನೇ ಮತ್ತೆ ಓದಿದರು. ಕೆಲವರು ಪಾಠವನ್ನು ನೋಡದೆ ನೆನಪಿದ್ದದ್ದನ್ನು ಬರೆದರು. ಐದು ನಿಮಿಷಗಳಾದ ಮೇಲೆ ಪರೀಕ್ಷಿಸಲಾಗಿ, ಮತ್ತೆ ಓದಿದವರೇ ಮುಂದಾಗಿದ್ದರು: ನೂರಕ್ಕೆ 81, ಉಳಿದವರು 75. ಒಂದು ವಾರದ ಮೇಲೆ ಪರೀಕ್ಷಿಸಿದಾಗಲಾದರೋ, ಓದಿದವರು 42ಕ್ಕೆ ಇಳಿದರು. ನೆನಸಿ ಬರೆದವರು 56ರಲ್ಲಿ ನಿಂತರು. ಆದಕಾರಣ ಓದಿದ ಕೂಡಲೇ ತೋರುವ ಸರಾಗವನ್ನು ನಂಬಲಾಗದು. ಹುಡುಗನು ನಿನ್ನೆ ಸರಾಗವಾಗಿ ಒಪ್ಪಿಸಿದ್ದು ಇದೇ ಬಗೆಯದು.

ತರಗತಿಯೆಲ್ಲಾ ಒಟ್ಟಾಗಿ ಕೂಗಿ ಹೇಳುವ ಪದ್ಧತಿಯು ನಮಗೆ ಅಷ್ಟೇನೂ ಹಿಡಿಸದು. ಬಾರದ ಮಗುವು ತುಟಿಯಾಡಿಸಿ ತಪ್ಪಿಸಿಕೊಳ್ಳುವದು. ಒಬ್ಬೊಬ್ಬರನ್ನು ಬೇರೆಯಾಗಿ ಕೇಳುವ ಉಪಾಧ್ಯಾಯರೇ ಹೆಚ್ಚು ಉಪಕಾರ ಮಾಡುತ್ತಾರೆ. ಮನೆಯಲ್ಲಿಯೂ ಇದು ಸಾಧ್ಯ. ಅಕ್ಷರ ಬಾರದ ತಾಯಿಯು ಸಹ ರೊಟ್ಟಿ ತಟ್ಟುತ್ತಾ, “ಇವತ್ತು ಏನು ಕಲಿತೆಯಪ್ಪಾ, ಪುಸ್ತಕ ಮುಚ್ಚಿ ಹೇಳು” ಎಂದು ಕೇಳಬಲ್ಲಳು. ಅದನ್ನೇ ನಾಳೆಯೂ, ಮೂರು ದಿವಸ ಬಿಟ್ಟೂ, ಮುಂದಿನ ವಾರವೂ ಕೇಳಲಿ. ಹುಡುಗನು ತಡವರಿಸಿದರೆ ಗದರಿಸದೆ ಕಾಯಬೇಕು, ಯಾಕಂದರೆ ಆ ತಡವರಿಕೆಯಲ್ಲಿಯೇ ನೆನಪು ಕೆಲಸ ಮಾಡುತ್ತಿರುತ್ತದೆ. ತಪ್ಪು ಹೇಳಿದರೆ, ಓದು ಬಲ್ಲ ಅಕ್ಕನೋ ನೆರೆಯವರೋ ಪುಸ್ತಕ ನೋಡಿ ಸರಿಯಾದದ್ದನ್ನು ಕೂಡಲೇ ತಿಳಿಸಿ, ಮರುದಿವಸ ಅದನ್ನೇ ಮೊದಲು ಕೇಳಲಿ.